ಚಹಾ ಕಿಂಡಿಯಿಂದ ವ್ಯಾಕರಣ

ಗ್ರಿಮ್ಸ್‌ಬಿಯ ಈ ಚರ್ಚ್ ಹಾಲಿನಲ್ಲಿ ಮಂಗಳವಾರ ಸಂಜೆ
ಇಂಗ್ಲಿಷು ಪುಕ್ಕಟೆ, ಚಹಾ ಇಪ್ಪತ್ತು ಪೆನ್ಸ್.
ಇಂಗ್ಲಿಷು ಮಿಸ್ ಸ್ಟೇವ್ಲಿಯದು, ಚಹಾ ನನ್ನದು.
ಅಡುಗೆಕೋಣೆಗೂ ಹಾಲಿಗೂ ನಡುವೆ ಒಂದು ಕಿಂಡಿ,
ಕಪ್ಪು ದಾಟುವಷ್ಟೇ ಅಗಲ;
ಮಾತು ಮಾತ್ರ ಧಾರಾಳ ದಾಟುತ್ತದೆ.

ಇವತ್ತಿನ ಪಾಠ: ಕ್ರಿಯಾಪದಕ್ಕೆ
ಮುಂದೆ ಟು ಎಂಬ ಮೂಗುದಾರವೋ
ಹಿಂದೆ ಇಂಗ್ ಎಂಬ ಬಾಲವೋ?
'ವಾಂಟ್ ಬಂದರೆ ಟು, ಎಂಜಾಯ್ ಬಂದರೆ ಇಂಗ್.'
'ಯಾಕೆ?' ಎಂದ ರಿಮಾಂತಸ್,
ಮೀನು ಕಾರ್ಖಾನೆಯ ಪಾಳಿ ಮುಗಿಸಿ ಬಂದವನು,
ಎಷ್ಟು ತೊಳೆದರೂ ಬೆರಳಲ್ಲಿ ಹ್ಯಾಡಕ್ ವಾಸನೆ.
'ಯಾಕೆ ಅಂದರೆ, ಹಾಗೆ.'
ಎಪ್ಪತ್ತು ವರ್ಷ ಇದೇ ಭಾಷೆಯಲ್ಲಿ
ಬೈದಿದ್ದೇನೆ, ಮುದ್ದಾಡಿದ್ದೇನೆ, ಚೌಕಾಸಿ ಮಾಡಿದ್ದೇನೆ.
ಒಳಗೆ ಹೀಗೊಂದು ಗೇಟು ಇದೆಯೆಂದು
ನನಗೂ ಗೊತ್ತಿರಲಿಲ್ಲ.

ಆಮೇಲೆ ಸ್ಟಾಪ್ ಬಂತು.
ಸ್ಟಾಪ್ಡ್ ಟು ಸ್ಮೋಕ್: ಸೇದಲು ನಿಂತ.
ಸ್ಟಾಪ್ಡ್ ಸ್ಮೋಕಿಂಗ್: ಸೇದುವುದನ್ನೇ ನಿಲ್ಲಿಸಿದ.
'ದಿನಕ್ಕೆ ಹತ್ತು ಸಲ ಮೊದಲನೆಯದು,
ವರ್ಷಕ್ಕೊಮ್ಮೆ ಎರಡನೆಯದು,' ಎಂದ ರಿಮಾಂತಸ್.
ತರಗತಿ ನಕ್ಕಿತು.
ನಾನು ನಗಲಿಲ್ಲ. ಕೈಯಲ್ಲಿ ಕೆಟಲು ಇತ್ತು.

ನಾವೂ ನಿಂತಿದ್ದೆವು ಹಡಗುಕಟ್ಟೆಯ ಮೇಲೆ, ಅಮ್ಮ ಮತ್ತು ನಾನು.
ಸ್ಟಾಪ್ಡ್ ಟು ವೇಟ್. ಕಾಯಲು ನಿಂತೆವು.
ಐಸ್‌ಲ್ಯಾಂಡಿನ ಕಡೆ ಹೋದ ಟ್ರಾಲರಿನಲ್ಲಿ ಅಣ್ಣ ಡೆರಿಕ್,
ಹತ್ತೊಂಬತ್ತು, ಹೊಸ ಬೂಟು,
ಬೂಟಿನ ಸಾಲ ಇನ್ನೂ ತೀರಿರಲಿಲ್ಲ.
ಕೊನೆಗೆ ಸ್ಟಾಪ್ಡ್ ವೇಟಿಂಗ್. ಕಾಯುವುದನ್ನೇ ನಿಲ್ಲಿಸಿದೆವು.
ಯಾವ ದಿನ? ಅದನ್ನು ಮಾತ್ರ ಯಾರೂ ಬರೆದಿಡಲಿಲ್ಲ.
ಒಂದು ರಾತ್ರಿ ಅಮ್ಮ ಮೇಜಿಗೆ
ಮೂರು ತಟ್ಟೆಯ ಬದಲು ಎರಡು ಇಟ್ಟಳು,
ನಾನು ನೋಡಿಯೂ ನೋಡದ ಹಾಗೆ
ಎದುರಿಗೇ ಇದ್ದ ಉಪ್ಪನ್ನು ಹುಡುಕಿದೆ.

ಕೊನೆಯ ಸಾಲಿನಲ್ಲಿ ಸೆನಾಯಿತ್, ಅಸ್ಮಾರಾದವಳು.
ಹೀಟರ್ ಉರಿಯುತ್ತಿದ್ದರೂ ಕೋಟು ಬಿಚ್ಚುವುದಿಲ್ಲ.
ಟ್ರೈ ಬಂದಾಗ ಕೈ ಎತ್ತಿದಳು:
'ಐ ಟ್ರೈಡ್ ಟು ಕಾಲ್ ಮೈ ಬ್ರದರ್. ಸರಿಯೇ?'
ಮಿಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.
'ಎರಡೂ ಸರಿ. ಕರೆ ಹೋಗಲೇ ಇಲ್ಲವೆಂದರೆ ಟು.
ಹೋಗಿ, ಅಲ್ಲಿ ಗಂಟೆ ಬಾರಿಸಿ,
ಯಾರೂ ಎತ್ತಲಿಲ್ಲವೆಂದರೆ ಇಂಗ್.
ನಿನ್ನದು ಯಾವುದು?'
'ಟು,' ಎಂದಳು. 'ಟ್ರಿಪೋಲಿಗೆ. ನಾಲ್ಕು ತಿಂಗಳಿಂದ ಟು.'
ಯಾರೋ ಕುರ್ಚಿ ಎಳೆದ ಸದ್ದು.
ಮಿಸ್ ಬೋರ್ಡಿನ ಕಡೆ ತಿರುಗಿ ಏನನ್ನೋ ಅಳಿಸಿದಳು,
ಅಲ್ಲಿ ಏನೂ ಬರೆದಿರಲಿಲ್ಲ.
ನಾನು ಕೇಳದೆಯೇ ಮೂರು ಚಮಚ ಸಕ್ಕರೆ ಹಾಕಿದೆ,
ದುಡ್ಡು ಮುಟ್ಟಲಿಲ್ಲ.

ಮನೆಗೆ ನಡೆಯುತ್ತ ದಾರಿಯುದ್ದಕ್ಕೂ ಅದೇ ಗುಂಗು:
ಟು ಎಂದರೆ ಇನ್ನೂ ಆಗದ್ದು, ದಡದಿಂದ ಚಾಚಿದ ಕೈ.
ಇಂಗ್ ಎಂದರೆ ಆಗಿಹೋದದ್ದು,
ಮರಳಿಗೆ ಬಿದ್ದ ನೀರಿನ ಹಾಗೆ
ಒಳಗೊಳಗೇ ಇಂಗಿದ್ದು.
ಡೆರಿಕ್ ಕೈಬೀಸಿದ್ದು ನೆನಪಿದೆ. ಅದು ಇಂಗ್.
ತಿರುಗಿ ಬೀಸಲು ನನಗೆ ನೆನಪಾಯಿತೇ?
ಅದು ಟು.
ಅದು ಗೊತ್ತಿಲ್ಲ.

ಮುಂದಿನ ಮಂಗಳವಾರ ಹಾಲಿನ ಬೀಗ ತೆಗೆಯುವ ಮೊದಲೇ
ಸೆನಾಯಿತ್ ಮೆಟ್ಟಿಲ ಮೇಲೆ ನಿಂತಿದ್ದಳು.
ಒಳಗೆ ಬಂದವಳೇ ಕಿಂಡಿಗೆ ಮುಖವಿಟ್ಟು,
ಮಿಸ್‌ಗೆ ಅಲ್ಲ, ನನಗೆ ಹೇಳಿದಳು:
'ಐ ಟ್ರೈಡ್ ಕಾಲಿಂಗ್.'
ಎತ್ತಿದನಾ?
ಇಲ್ಲವೆಂದು ತಲೆಯಾಡಿಸಿದಳು,
ಆದರೆ ಅವಳ ಬೆರಳು ಗಾಳಿಯಲ್ಲಿ
ಯಾವುದೋ ದೂರದ ಕೋಣೆಯ ಗಂಟೆ ಬಾರಿಸುತ್ತಲೇ ಇತ್ತು:
ಇಂಗ್, ಇಂಗ್, ಇಂಗ್.

ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.
ಚಿಲ್ಲರೆ ಎಣಿಸಿ ಕಿಂಡಿಯಲ್ಲಿಟ್ಟಳು,
ಹೋದ ವಾರದ್ದೂ ಸೇರಿಸಿ, ನಲವತ್ತು.